ಚಿಕಿತ್ಸಾಲಯಗಳಲ್ಲಿ ವಿಕಲಚೇತನರಿಗೆ ಅಡೆತಡೆಯಿಲ್ಲದ ಪ್ರವೇಶ

ರಾಜಧಾನಿ ದೆಹಲಿಯು ದೇಶದ ಪ್ರಮುಖ ವೈದ್ಯಕೀಯ ಕೇಂದ್ರಗಳಲ್ಲಿ ಒಂದು. 1956ರಲ್ಲಿ ಸಂಸತ್ತಿನ ಅಧಿನಿಯಮದ ಮೂಲಕ ರೂಪುಗೊಂಡ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ರಸ್ತೆಯ ಆಚೆಗೆ ಅದಕ್ಕೆ ಎದುರಾಗಿ ನಿಂತಿರುವ ಸಫ್ದರ್‌ಜಂಗ್ ಆಸ್ಪತ್ರೆ, ನಗರದ ಮಧ್ಯಭಾಗದ ರಾಮಮನೋಹರ ಲೋಹಿಯಾ ಆಸ್ಪತ್ರೆ, ಯಮುನೆಯ ಆಚೆ ದಡದ ಗುರು ತೇಗ್ ಬಹಾದ್ದೂರ್ ಆಸ್ಪತ್ರೆ ಮುಂತಾದವುಗಳಿಗೆ ದೂರದ ರಾಜ್ಯಗಳಿಂದಲೂ ರೋಗಿಗಳು ಬರುತ್ತಾರೆ. ಅವರಲ್ಲಿ ಕರ್ನಾಟಕದವರೂ ಇದ್ದಾರೆ, ದೆಹಲಿಯಲ್ಲೇ ನೆಲೆಸಿರುವ ಕನ್ನಡ ಕುಟುಂಬಗಳವರೂ ಇದ್ದಾರೆ. ಇಷ್ಟೊಂದು ಆಸ್ಪತ್ರೆಗಳಿರುವ ನಗರದಲ್ಲಿ ಚಿಕಿತ್ಸೆಗೆ ಏನು ಕೊರತೆ ಎಂದು ಯಾರಿಗಾದರೂ ಅನಿಸಬಹುದು. ಆದರೆ ಆಸ್ಪತ್ರೆ ಇರುವುದು ಬೇರೆ, ಅದರೊಳಕ್ಕೆ ಹೋಗಲು ಸಾಧ್ಯವಾಗುವುದು ಬೇರೆ. ಗಾಲಿಕುರ್ಚಿಯಲ್ಲಿ ಬರುವವರಿಗೆ ಬಾಗಿಲ ಮುಂದಿನ ಮೂರು ಮೆಟ್ಟಿಲುಗಳೇ ಸಾಕು, ಇಡೀ ಆಸ್ಪತ್ರೆ ಅವರ ಪಾಲಿಗೆ ಮುಚ್ಚಿದಂತಾಗುತ್ತದೆ. ಕಿವಿ ಕೇಳಿಸದವರು ತಮ್ಮ ಹೆಸರನ್ನು ಕೂಗಿದ್ದು ತಿಳಿಯದೆ ಮಧ್ಯಾಹ್ನದವರೆಗೆ ಬೆಂಚಿನ ಮೇಲೆಯೇ ಕುಳಿತಿರುವುದುಂಟು.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ವಿಕಲಚೇತನರ ಸಂಖ್ಯೆ 2.68 ಕೋಟಿ. ಇದು ಒಟ್ಟು ಜನಸಂಖ್ಯೆಯ ಶೇಕಡ 2.21ರಷ್ಟು. ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು, ದೆಹಲಿಯಲ್ಲಿ 2.3 ಲಕ್ಷಕ್ಕೂ ಹೆಚ್ಚು ಮಂದಿ ಈ ಗಣತಿಯಲ್ಲಿ ಸೇರಿದ್ದಾರೆ. ಚಲನೆಗೆ ಸಂಬಂಧಿಸಿದ ವೈಕಲ್ಯವುಳ್ಳವರು ಸುಮಾರು 54 ಲಕ್ಷ. ಶ್ರವಣದೋಷ ಮತ್ತು ದೃಷ್ಟಿದೋಷವುಳ್ಳವರು ತಲಾ 50 ಲಕ್ಷದಷ್ಟು. ಗಣತಿ ನಡೆದಾಗ ಎಂಟು ಬಗೆಯ ವೈಕಲ್ಯಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ವರದಿಯು ವೈಕಲ್ಯವನ್ನು ಇನ್ನೂ ವಿಶಾಲವಾದ ಅರ್ಥದಲ್ಲಿ ಪರಿಗಣಿಸಿ, ಜಗತ್ತಿನಲ್ಲಿ 130 ಕೋಟಿ ಜನರು, ಅಂದರೆ ಆರು ಜನರಲ್ಲಿ ಒಬ್ಬರು, ಗಣನೀಯ ವೈಕಲ್ಯದೊಡನೆ ಬಾಳುತ್ತಿದ್ದಾರೆಂದು ಅಂದಾಜು ಮಾಡಿದೆ. ಅವರಲ್ಲಿ ಕೆಲವರು ಇತರರಿಗಿಂತ 20 ವರ್ಷಗಳಷ್ಟು ಮೊದಲೇ ಸಾವಿಗೀಡಾಗುತ್ತಿದ್ದಾರೆಂದೂ ಅದೇ ವರದಿ ತಿಳಿಸುತ್ತದೆ. ಈ ಅಂತರಕ್ಕೆ ವೈಕಲ್ಯವೊಂದೇ ಕಾರಣವಲ್ಲ. ಸಕಾಲದಲ್ಲಿ ದೊರೆಯದ ತಪಾಸಣೆ, ಮುಂದೂಡಲ್ಪಟ್ಟ ಚಿಕಿತ್ಸೆ, ತಲುಪಲಾಗದ ಆಸ್ಪತ್ರೆ ಇವೂ ಕಾರಣ.

ಇಲ್ಲಿ ಬಳಸಿರುವ ಪದದ ಬಗ್ಗೆ ಒಂದು ಮಾತು. ಹಿಂದಿನ ಸರ್ಕಾರಿ ಪ್ರಕಟಣೆಗಳಲ್ಲಿ ‘ಅಂಗವಿಕಲರು’ ಎಂಬ ಶಬ್ದವೇ ರೂಢಿಯಲ್ಲಿತ್ತು. ಬುದ್ಧಿಗೆ, ಮನಸ್ಸಿಗೆ, ಇಂದ್ರಿಯಗಳಿಗೆ ಸಂಬಂಧಿಸಿದ ವೈಕಲ್ಯಗಳನ್ನು ಆ ಶಬ್ದ ಸರಿಯಾಗಿ ಒಳಗೊಳ್ಳದು. ಕರ್ನಾಟಕದ ಆಡಳಿತದಲ್ಲಿ ಈಗ ‘ವಿಕಲಚೇತನ’ ಎಂಬುದು ನೆಲೆಗೊಂಡಿರುವುದರಿಂದ ಈ ಲೇಖನದಲ್ಲೂ ಅದನ್ನೇ ಉಳಿಸಿಕೊಳ್ಳಲಾಗಿದೆ. ಚೇತನಕ್ಕೆ ವೈಕಲ್ಯವೆಲ್ಲಿಯದು ಎಂದು ಕೇಳುವವರ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ; ಆದರೆ ಹೆಸರಿನ ಚರ್ಚೆಗಿಂತ ಬಾಗಿಲಿನ ಅಗಲದ ಚರ್ಚೆ ಹೆಚ್ಚು ತುರ್ತಿನದು.

ಹಿನ್ನೆಲೆ

1965ರ ಮೇ 29ರಂದು ಎವರೆಸ್ಟ್ ಶಿಖರವನ್ನೇರಿದ ಭಾರತೀಯ ತಂಡದ ಸದಸ್ಯರಲ್ಲಿ ಒಬ್ಬರಾದ ಮೇಜರ್ ಎಚ್.ಪಿ.ಎಸ್. ಅಹ್ಲುವಾಲಿಯಾ ಅವರು ಅದೇ ವರ್ಷದ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಗುಂಡೇಟಿಗೆ ಗುರಿಯಾದರು. ಬೆನ್ನುಹುರಿಗೆ ಪೆಟ್ಟು ಬಿದ್ದು ಗಾಲಿಕುರ್ಚಿಯನ್ನು ಆಶ್ರಯಿಸಬೇಕಾಯಿತು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದ ಅವರು ಅಂತಹ ಸೌಲಭ್ಯ ಭಾರತದಲ್ಲೂ ಇರಬೇಕೆಂದು ಬಹುಕಾಲ ಶ್ರಮಿಸಿದರು. ಅದರ ಫಲವಾಗಿ ದಕ್ಷಿಣ ದೆಹಲಿಯ ವಸಂತಕುಂಜದಲ್ಲಿ ಭಾರತೀಯ ಬೆನ್ನುಹುರಿ ಗಾಯಗಳ ಕೇಂದ್ರವು ತಲೆಯೆತ್ತಿತು. ಅಹ್ಲುವಾಲಿಯಾ ಅವರು 2022ರ ಜನವರಿಯಲ್ಲಿ ನಿಧನರಾದರು. ಗಾಲಿಕುರ್ಚಿಯಲ್ಲಿ ಕುಳಿತವರೇ ಮುಂದೆ ನಿಂತು ಕಟ್ಟಿಸಿದ ಆಸ್ಪತ್ರೆ ಎಂಬುದು ಅದರ ವೈಶಿಷ್ಟ್ಯ. ಆದರೆ ಬೆನ್ನುಹುರಿಗೆ ಪೆಟ್ಟಾದವರಿಗೂ ಜ್ವರ ಬರುತ್ತದೆ, ಹಲ್ಲು ನೋಯುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಆಗ ಅವರು ಹೋಗಬೇಕಾದುದು ಬಡಾವಣೆಯ ಸಾಮಾನ್ಯ ಚಿಕಿತ್ಸಾಲಯಕ್ಕೆ. ಕೊರತೆ ಎದ್ದು ಕಾಣುವುದೂ ಅಲ್ಲಿಯೇ.

ಕಾನೂನಿನ ಮಟ್ಟದಲ್ಲಿ ಮೊದಲ ಸಮಗ್ರ ಪ್ರಯತ್ನವೆಂದರೆ 1995ರ ಅಧಿನಿಯಮ. ಆ ವರ್ಷದ ಡಿಸೆಂಬರ್‌ನಲ್ಲಿ ಸಂಸತ್ ಅಧಿವೇಶನ ಮುಗಿಯಲು ಕೆಲವೇ ದಿನಗಳಿರುವಾಗ, ಜಾವೇದ್ ಅಬಿದಿ ಅವರೂ ಅವರ ಸಂಗಡಿಗರೂ ದೆಹಲಿಯ ಬೀದಿಗಿಳಿದು ಮಸೂದೆಯ ಅಂಗೀಕಾರಕ್ಕಾಗಿ ಒತ್ತಾಯಿಸಿದರು. ಮಸೂದೆ ಅದೇ ಅಧಿವೇಶನದಲ್ಲಿ ಅಂಗೀಕಾರ ಪಡೆದು 1996ರ ಫೆಬ್ರುವರಿ 7ರಿಂದ ಜಾರಿಗೆ ಬಂದಿತು. ಸ್ವತಃ ಗಾಲಿಕುರ್ಚಿಯನ್ನು ಬಳಸುತ್ತಿದ್ದ ಅಬಿದಿಯವರು 2018ರಲ್ಲಿ ತೀರಿಕೊಳ್ಳುವವರೆಗೂ ಈ ಕ್ಷೇತ್ರದಲ್ಲಿ ದುಡಿದರು. ಕಾನೂನು ಬಂದ ಮಾತ್ರಕ್ಕೆ ಮೆಟ್ಟಿಲುಗಳು ಕರಗಲಿಲ್ಲ. 2001ರ ಜನವರಿಯಲ್ಲಿ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರು ದೆಹಲಿಗೆ ಭೇಟಿ ನೀಡಿದಾಗ ಕುತುಬ್ ಮಿನಾರ್, ಜಂತರ್ ಮಂತರ್ ಮುಂತಾದ ಸ್ಮಾರಕಗಳಲ್ಲಿ ಅವರ ಗಾಲಿಕುರ್ಚಿಗಾಗಿ ಮರದ ತಾತ್ಕಾಲಿಕ ಇಳಿಜಾರುಗಳನ್ನು ಹಾಸಲಾಯಿತು. ಒಬ್ಬ ಅತಿಥಿಗಾಗಿ ಕೆಲವೇ ದಿನಗಳಲ್ಲಿ ಸಾಧ್ಯವಾದದ್ದು ನಗರದ ನಿವಾಸಿಗಳಿಗೆ ಅಷ್ಟು ವರ್ಷ ಏಕೆ ಸಾಧ್ಯವಾಗಿರಲಿಲ್ಲ ಎಂಬ ಪ್ರಶ್ನೆಯನ್ನು ಆಗ ಹಲವರು ಎತ್ತಿದರು. 2002ರ ಡಿಸೆಂಬರ್‌ನಲ್ಲಿ ಆರಂಭವಾದ ದೆಹಲಿ ಮೆಟ್ರೊ ಇದಕ್ಕೆ ಒಂದು ಬಗೆಯ ಉತ್ತರ ನೀಡಿತು. ಲಿಫ್ಟ್, ಇಳಿಜಾರು, ದೃಷ್ಟಿದೋಷವುಳ್ಳವರ ಕಾಲಿಗೂ ಕೋಲಿಗೂ ದಾರಿ ತೋರಿಸುವ ಉಬ್ಬುಗೆರೆಗಳ ಹಳದಿ ಹಾಸು, ಧ್ವನಿಯಲ್ಲಿ ಘೋಷಣೆ, ಇವೆಲ್ಲ ಮೊದಲ ನಕ್ಷೆಯಲ್ಲೇ ಸೇರಿದ್ದವು. ಕಟ್ಟಿದ ಮೇಲೆ ಒಡೆದು ಸರಿಪಡಿಸುವುದಕ್ಕಿಂತ ಕಟ್ಟುವಾಗಲೇ ಸೇರಿಸಿದರೆ ವೆಚ್ಚ ತೀರ ಕಡಿಮೆ ಎಂಬುದೂ ಇದರಿಂದ ಮನವರಿಕೆಯಾಯಿತು.

ಮೆಟ್ಟಿಲಿನ ಲೆಕ್ಕಾಚಾರ

ರ‍್ಯಾಂಪ್ ಎಂದು ಕರೆಯಲಾಗುವ ಇಳಿಜಾರು ಹಾದಿಯ ವಿಷಯದಲ್ಲಿ ಹೆಚ್ಚಿನವರಿಗೆ ತಪ್ಪು ತಿಳಿವಳಿಕೆಯಿದೆ. ಮೆಟ್ಟಿಲ ಮೇಲೆ ಸಿಮೆಂಟ್ ಸುರಿದು ಓರೆ ಮಾಡಿದರೆ ಇಳಿಜಾರು ಸಿದ್ಧವಾಯಿತೆಂದು ಗುತ್ತಿಗೆದಾರರೂ ಎಷ್ಟೋ ವೇಳೆ ಅಧಿಕಾರಿಗಳೂ ಭಾವಿಸುತ್ತಾರೆ. ಮಾನದಂಡಗಳ ಪ್ರಕಾರ ಇಳಿಜಾರಿನ ಏರು ಹನ್ನೆರಡಕ್ಕೆ ಒಂದನ್ನು ಮೀರಬಾರದು. ಅಂದರೆ ಒಂದು ಅಡಿ ಎತ್ತರ ಏರಬೇಕಾದರೆ ಹನ್ನೆರಡು ಅಡಿ ಉದ್ದದ ಹಾದಿ ಬೇಕು. ತಲಾ 15 ಸೆಂಟಿಮೀಟರಿನ ಮೂರು ಮೆಟ್ಟಿಲುಗಳಿದ್ದರೆ ಎತ್ತರ 45 ಸೆಂಟಿಮೀಟರ್. ಅದಕ್ಕೆ ಇಳಿಜಾರಿನ ಉದ್ದ 5.4 ಮೀಟರ್. ಇದರ ಮೇಲೆ ಎರಡೂ ತುದಿಗಳಲ್ಲಿ ಗಾಲಿಕುರ್ಚಿ ತಿರುಗಲು ಸುಮಾರು ಒಂದೂವರೆ ಮೀಟರ್ ಸಮತಟ್ಟಾದ ಜಾಗ ಬೇಕು. ಇಕ್ಕೆಲಗಳಲ್ಲೂ ಹಿಡಿಕಂಬಿ, ಅಂಚಿನಲ್ಲಿ ಚಕ್ರ ಜಾರದಂತೆ ತಡೆಯುವ ಕಟ್ಟೆ, ಮಳೆಯಲ್ಲೂ ಜಾರದ ನೆಲಹಾಸು ಇರಬೇಕು. ಇದಕ್ಕಿಂತ ಕಡಿದಾದ ಇಳಿಜಾರಿನಲ್ಲಿ ಗಾಲಿಕುರ್ಚಿಯವರು ತಮ್ಮ ತೋಳ್ಬಲದಿಂದ ಏರಲಾರರು. ಇಳಿಯುವಾಗ ಕುರ್ಚಿ ಹಿಡಿತ ತಪ್ಪಿ ಮುಗ್ಗರಿಸುವ ಅಪಾಯವಂತೂ ಇದ್ದೇ ಇದೆ. ಇಳಿಜಾರು ಇದೆ ಎಂಬುದು ಕಡತದಲ್ಲಿ ಉತ್ತರವಾಗಬಹುದು, ಗಾಲಿಕುರ್ಚಿಗೆ ಉತ್ತರವಾಗದು.

ದೆಹಲಿಯ ಬಡಾವಣೆಗಳಲ್ಲಿ ಈ ಲೆಕ್ಕಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಮುನಿರ್ಕಾ, ಕೋಟ್ಲಾ ಮುಬಾರಕ್‌ಪುರದಂತಹ ಹಳೆಯ ಹಳ್ಳಿಗಳು ನಗರದ ನಡುವೆ ಸಿಲುಕಿಕೊಂಡಿವೆ. ಓಣಿಗಳು ಕಿರಿದು. ರಸ್ತೆಗೆ ಮತ್ತೆ ಮತ್ತೆ ಹೊಸ ಪದರ ಹಾಕುವುದರಿಂದ ಅದರ ಮಟ್ಟ ಏರುತ್ತದೆ; ಮಳೆಗಾಲದ ನೀರು ಒಳನುಗ್ಗದಿರಲೆಂದು ಮನೆ ಕಟ್ಟುವವರು ಅಡಿಪಾಯವನ್ನು ಇನ್ನೂ ಎತ್ತರಿಸುತ್ತಾರೆ. ಅಂತಹ ಮನೆಯ ನೆಲಮಹಡಿಯ ಒಂದು ಕೋಣೆಯೇ ಚಿಕಿತ್ಸಾಲಯ. ಐದೂವರೆ ಮೀಟರ್ ಇಳಿಜಾರನ್ನು ಓಣಿಯೊಳಕ್ಕೆ ಚಾಚಿದರೆ ಓಣಿಯೇ ಉಳಿಯುವುದಿಲ್ಲ. ಇಲ್ಲಿ ಒಂದೇ ಪರಿಹಾರ ಎಲ್ಲ ಕಡೆ ಹೊಂದದು. ಮೆಟ್ಟಿಲುಗಳನ್ನು ಕಟ್ಟಡದ ಒಳಭಾಗಕ್ಕೆ ಸರಿಸಿ, ಗೋಡೆಯುದ್ದಕ್ಕೆ ಇಳಿಜಾರನ್ನು ತಿರುಗಿಸಿಕೊಂಡು ಹೋಗಬಹುದು. ಪಕ್ಕದ ಬಾಗಿಲು ಕಡಿಮೆ ಎತ್ತರದಲ್ಲಿದ್ದರೆ ಅದನ್ನೇ ಮುಖ್ಯ ಪ್ರವೇಶವಾಗಿಸಬಹುದು. ಒಂದೇ ಮೆಟ್ಟಿಲಿರುವಲ್ಲಿ ಮಡಚಿಡಬಹುದಾದ ಲೋಹದ ಇಳಿಜಾರನ್ನು ಬಳಸಬಹುದು. ಆದರೆ ಅದನ್ನು ಹೊರತಂದು ಹಾಸುವವರು ಯಾರು, ಅವರನ್ನು ಕರೆಯುವ ಗಂಟೆ ಎಲ್ಲಿದೆ ಎಂಬುದು ಮೊದಲೇ ನಿಶ್ಚಿತವಾಗಿರಬೇಕು. ನಾಲ್ಕು ಜನ ಸೇರಿ ಕುರ್ಚಿಯನ್ನು ಎತ್ತಿ ಒಳಗೆ ಕೊಂಡೊಯ್ಯುವ ಪದ್ಧತಿಯನ್ನು ಸಹಾಯವೆಂದು ಕರೆಯಲಾಗುತ್ತದೆ. ಎತ್ತಿಸಿಕೊಳ್ಳುವವರನ್ನು ಕೇಳಿದರೆ ಬೇರೆ ಉತ್ತರ ಬಂದೀತು.

ಸಣ್ಣ ಚಿಕಿತ್ಸಾಲಯಗಳ ವಿಷಯದಲ್ಲಿ ದೆಹಲಿಯ ಅನುಭವ ಗಮನಾರ್ಹ. 2015ರ ಜುಲೈಯಲ್ಲಿ ಪೀರಾಗಢಿಯಲ್ಲಿ ಮೊದಲ ಮೊಹಲ್ಲಾ ಕ್ಲಿನಿಕ್ ತೆರೆಯಿತು. ಸಿದ್ಧಪಡಿಸಿ ತಂದಿಡುವ ಕೋಣೆಗಳಲ್ಲಿ, ಬಾಡಿಗೆ ಮನೆಗಳಲ್ಲಿ ಇಂತಹ ನೂರಾರು ಕೇಂದ್ರಗಳು ಮುಂದೆ ಆರಂಭವಾದವು. 2025ರಲ್ಲಿ ಆಡಳಿತ ಬದಲಾದ ಬಳಿಕ ಆಯುಷ್ಮಾನ್ ಆರೋಗ್ಯ ಮಂದಿರಗಳು ಅವುಗಳ ಸ್ಥಾನಕ್ಕೆ ಬರತೊಡಗಿದವು. ಹೆಸರು ಯಾವುದಿದ್ದರೂ ಮನೆಯ ಹತ್ತಿರ ವೈದ್ಯರು ದೊರೆಯಬೇಕೆಂಬ ಉದ್ದೇಶ ವಿಕಲಚೇತನರ ಪಾಲಿಗೆ ಇತರರಿಗಿಂತ ಹೆಚ್ಚು ಮಹತ್ವದ್ದು. ದೂರದ ಆಸ್ಪತ್ರೆಗೆ ಆಟೊ ಗೊತ್ತುಮಾಡಿಕೊಂಡು ಹೋಗಿ ಬರುವ ಖರ್ಚು ಔಷಧದ ಖರ್ಚನ್ನೇ ಮೀರುತ್ತದೆ. ಬಾಡಿಗೆ ಕಟ್ಟಡವನ್ನು ಆರಿಸುವಾಗ ಬಾಡಿಗೆಯ ದರದ ಜೊತೆಗೆ ಬಾಗಿಲ ಮುಂದಿನ ಮೆಟ್ಟಿಲನ್ನೂ ಎಣಿಸಿದರೆ ಮುಂದಿನ ಅರ್ಧದಷ್ಟು ತೊಂದರೆ ತಪ್ಪೀತು.

ಬಾಗಿಲಿನ ಒಳಗೆ

ಬಾಗಿಲು ತೆರೆದಾಗ ದೊರೆಯುವ ಅಗಲ 90 ಸೆಂಟಿಮೀಟರ್ ಇದ್ದರೆ ಗಾಲಿಕುರ್ಚಿ ಸಲೀಸಾಗಿ ಹೋಗುತ್ತದೆ. ಚೀಟಿ ಬರೆಯುವ ಕೌಂಟರಿನ ಒಂದು ಭಾಗವಾದರೂ 75ರಿಂದ 80 ಸೆಂಟಿಮೀಟರ್ ಎತ್ತರದಲ್ಲಿರಬೇಕು. ಸರದಿಯ ಸಂಖ್ಯೆಯನ್ನು ಫಲಕದಲ್ಲಿ ತೋರಿಸುವುದರೊಡನೆ ಧ್ವನಿಯಲ್ಲೂ ಹೇಳಬೇಕು. ಒಂದು ಕಿವಿ ಕೇಳಿಸದವರಿಗೆ, ಇನ್ನೊಂದು ಕಣ್ಣು ಕಾಣಿಸದವರಿಗೆ. ಇವು ಹೆಚ್ಚು ವೆಚ್ಚವಿಲ್ಲದ ಕೆಲಸಗಳು.

ಶೌಚಾಲಯದ ವಿಷಯ ಅಷ್ಟು ಸುಲಭದಲ್ಲಿ ಮುಗಿಯುವುದಿಲ್ಲ. ಗಾಲಿಕುರ್ಚಿ ತಿರುಗುವಷ್ಟು ಜಾಗ, ಹೊರಕ್ಕೆ ತೆರೆಯುವ ಅಥವಾ ಪಕ್ಕಕ್ಕೆ ಸರಿಯುವ ಬಾಗಿಲು, ಆಸನದ ಪಕ್ಕದಲ್ಲಿ ಭಾರ ತಡೆಯುವ ಹಿಡಿಕಂಬಿ, ಕುಳಿತಲ್ಲಿಂದಲೇ ಕೈಗೆಟಕುವ ನಲ್ಲಿ ಇವು ಇರಬೇಕು. ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ ಒಳಗೆ ಬಿದ್ದವರನ್ನು ಹೊರತರುವುದೂ ಕಷ್ಟ. ಇಷ್ಟೆಲ್ಲ ಕಟ್ಟಿದ ಮೇಲೆ ಅದಕ್ಕೆ ಬೀಗ ಹಾಕಿ, ಬಕೆಟು ಪೊರಕೆಗಳನ್ನು ತುಂಬಿಡುವ ಪರಿಪಾಠ ನಮ್ಮಲ್ಲಿ ಅಪರೂಪವೇನಲ್ಲ. ಆಸ್ಪತ್ರೆಯಲ್ಲಿ ಶೌಚಾಲಯವು ಕೇವಲ ಅನುಕೂಲವಲ್ಲ, ಅದು ಪರೀಕ್ಷೆಯ ಒಂದು ಭಾಗ. ಮೂತ್ರದ ಮಾದರಿ ಕೊಡಲು ಸಾಧ್ಯವಾಗದ ರೋಗಿಯ ಸೋಂಕು ಪತ್ತೆಯಾಗುವುದಿಲ್ಲ. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಮೂತ್ರದ ಸೋಂಕು ಸಾಮಾನ್ಯ, ನಿರ್ಲಕ್ಷಿಸಿದರೆ ಮೂತ್ರಪಿಂಡಕ್ಕೇ ಹಾನಿ. ಆಸ್ಪತ್ರೆಗೆ ಹೊರಡುವ ದಿನ ಬೆಳಗಿನಿಂದ ನೀರನ್ನೇ ಕುಡಿಯದೆ ಬರುವ ಮಹಿಳೆಯರೂ ಇದ್ದಾರೆ. ಅವರಿಗೆ ಕಾರಣ ಕೇಳಬೇಕಾಗಿಲ್ಲ.

ಪರೀಕ್ಷಾ ಮಂಚ

ಅಡೆತಡೆಯ ಮಾತು ಬಂದಾಗ ಮೆಟ್ಟಿಲು, ಶೌಚಾಲಯಗಳಷ್ಟೇ ನೆನಪಾಗುತ್ತವೆ. ವೈದ್ಯರ ಕೋಣೆಯೊಳಗಿನ ಅಡೆತಡೆ ಅನೇಕರ ಗಮನಕ್ಕೇ ಬರುವುದಿಲ್ಲ. ಗಾಲಿಕುರ್ಚಿಯ ಆಸನದ ಎತ್ತರ ಸಾಮಾನ್ಯವಾಗಿ 45ರಿಂದ 50 ಸೆಂಟಿಮೀಟರ್. ರೋಗಿಯನ್ನು ಮಲಗಿಸಿ ನೋಡುವ ಮಂಚವು ವೈದ್ಯರು ಬಾಗಬೇಕಾಗದಿರಲೆಂದು ಅದಕ್ಕಿಂತ ಒಂದಡಿಯಷ್ಟಾದರೂ ಎತ್ತರವಾಗಿರುತ್ತದೆ. ಏರಲು ಒಂದು ಕಬ್ಬಿಣದ ಮೆಟ್ಟಿಲು. ಹೊರಗೆ ಜನ ಕಾಯುತ್ತಿರುತ್ತಾರೆ. ಹೀಗಾಗಿ ಗಾಲಿಕುರ್ಚಿಯ ರೋಗಿಯನ್ನು ಕುಳಿತಲ್ಲಿಯೇ ನೋಡಿ ಚೀಟಿ ಬರೆದುಕೊಡಲಾಗುತ್ತದೆ. ಕುಳಿತ ರೋಗಿಯ ಹೊಟ್ಟೆಯನ್ನು ಸರಿಯಾಗಿ ಒತ್ತಿ ನೋಡಲಾಗದು. ಸ್ಪರ್ಶಜ್ಞಾನವಿಲ್ಲದ ಭಾಗದಲ್ಲಿ, ಅಂದರೆ ಬೆನ್ನಿನ ಕೆಳಗೆ, ಪೃಷ್ಠದಲ್ಲಿ, ಸದಾ ಕುಳಿತಿರುವ ಒತ್ತಡದಿಂದ ಏಳುವ ಹುಣ್ಣು ಕಣ್ಣಿಗೆ ಬೀಳುವುದೇ ಇಲ್ಲ. ನೋವಿನ ಅರಿವಿಲ್ಲದ ಕಾರಣ ರೋಗಿಯೂ ಹೇಳುವುದಿಲ್ಲ. ಈ ಹುಣ್ಣು ಎಲುಬಿನವರೆಗೆ ಇಳಿದು ರಕ್ತಕ್ಕೆ ನಂಜೇರಿದರೆ ಪ್ರಾಣಕ್ಕೇ ಅಪಾಯ. ಮಲಗಿಸಿ ನೋಡಿದ್ದರೆ ಆರಂಭದಲ್ಲೇ ಕಾಣುತ್ತಿದ್ದ ಕಾಯಿಲೆಯದು.

ತೂಕದ ವಿಷಯವೂ ಹೀಗೆಯೇ. ನಿಲ್ಲಲಾಗದವರ ತೂಕವನ್ನು ಅಂದಾಜಿನಿಂದ ಬರೆಯುವುದು ವಾಡಿಕೆಯಾಗಿಬಿಟ್ಟಿದೆ. ಅರಿವಳಿಕೆ ಮದ್ದಿನಿಂದ ಹಿಡಿದು ಹಲವು ಔಷಧಗಳ ಪ್ರಮಾಣ ನಿರ್ಧಾರವಾಗುವುದು ತೂಕದ ಮೇಲೆ. ಕುರ್ಚಿಸಮೇತ ತೂಗಿ, ಬರಿಯ ಕುರ್ಚಿಯ ತೂಕವನ್ನು ಕಳೆಯುವ ಅಗಲ ತಟ್ಟೆಯ ತಕ್ಕಡಿ ಪೇಟೆಯ ಮಂಡಿಗಳಲ್ಲಿ ಎಂದಿನಿಂದಲೂ ಇದೆ, ಚಿಕಿತ್ಸಾಲಯಕ್ಕೆ ಮಾತ್ರ ಬಂದಿಲ್ಲ. ನಿಂತುಕೊಂಡೇ ಮಾಡಿಸಬೇಕಾದ ಸ್ತನದ ಕ್ಷಕಿರಣ ಪರೀಕ್ಷೆ, ಎತ್ತರದ ಮಂಚದ ಮೇಲೆ ನಡೆಯುವ ಸ್ತ್ರೀರೋಗ ತಪಾಸಣೆ ಇವುಗಳಿಂದ ಎಷ್ಟೋ ವಿಕಲಚೇತನ ಮಹಿಳೆಯರು ಹೊರಗುಳಿಯುತ್ತಾರೆ. ಅವರಿಗೆ ಮದುವೆ, ಮಕ್ಕಳ ವಿಷಯ ಸಂಬಂಧಿಸಿದ್ದಲ್ಲ ಎಂದು ಮನೆಯವರೂ ಕೆಲವೊಮ್ಮೆ ವೈದ್ಯ ಸಿಬ್ಬಂದಿಯೂ ಊಹಿಸಿಕೊಳ್ಳುವುದು ಇದಕ್ಕಿಂತ ದೊಡ್ಡ ಅಡಚಣೆ.

ಏರಿಸಿ ಇಳಿಸಬಹುದಾದ ಮಂಚ ದುಬಾರಿಯೆನಿಸಿದರೆ, ಒಂದು ಕೋಣೆಯಲ್ಲಿ ಗಾಲಿಕುರ್ಚಿಯ ಎತ್ತರದ ಗಟ್ಟಿಯಾದ ಮರದ ಮಂಚವನ್ನಿಟ್ಟರೂ ಕೆಲಸ ಸಾಗುತ್ತದೆ. ಕುರ್ಚಿಯಿಂದ ಮಂಚಕ್ಕೆ ಜಾರಿಕೊಳ್ಳಲು ನುಣುಪಾದ ಹಲಗೆಯೊಂದಿದ್ದರೆ ಅನೇಕರು ಸ್ವತಃ ಸರಿದುಕೊಳ್ಳಬಲ್ಲರು. ಹೇಗೆ ಎತ್ತಬೇಕು, ಎಲ್ಲಿ ಹಿಡಿಯಬೇಕು ಎಂಬುದು ರೋಗಿಗೆ ಚೆನ್ನಾಗಿ ಗೊತ್ತಿರುತ್ತದೆ. ಆಯಾಗಳೂ ವಾರ್ಡ್ ಬಾಯ್‌ಗಳೂ ಮೊದಲು ಅವರನ್ನೇ ಕೇಳುವುದು ಕ್ಷೇಮ.

ಮಾತು ಮತ್ತು ಮಾಹಿತಿ

ದೆಹಲಿಯ ಓಖ್ಲಾದಲ್ಲಿ 2015ರಲ್ಲಿ ಸ್ಥಾಪನೆಯಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು ಸಂಜ್ಞಾ ಭಾಷೆಯ ನಿಘಂಟನ್ನು ಸಿದ್ಧಪಡಿಸಿದೆ. 2018ರಲ್ಲಿ 3,000 ಪದಗಳಿಂದ ಆರಂಭಿಸಿ 2021ರ ವೇಳೆಗೆ 10,000 ಪದಗಳಿಗೆ ಬೆಳೆದ ಈ ನಿಘಂಟಿನಲ್ಲಿ ವೈದ್ಯಕೀಯ ಪದಗಳಿಗೂ ಸಂಜ್ಞೆಗಳಿವೆ. ಶ್ರವಣದೋಷವುಳ್ಳ ರೋಗಿಯ ಪರವಾಗಿ ಮನೆಯವರೇ ಮಾತನಾಡುವುದು ರೂಢಿ. ಸಾಮಾನ್ಯ ಜ್ವರಕ್ಕೆ ಅದು ಸಾಕಾದೀತು. ಗರ್ಭಪಾತ, ಮನೆಯೊಳಗಿನ ಹಿಂಸೆ, ಮನಸ್ಸಿನ ಬೇಗುದಿಯ ಸಂಗತಿಯನ್ನು ಅತ್ತೆಯ ಅಥವಾ ಗಂಡನ ಬಾಯಿಂದ ಹೇಳಿಸಬೇಕೆಂದರೆ ರೋಗಿ ಹೇಳದೆಯೇ ಹಿಂದಿರುಗುತ್ತಾಳೆ. ತರಬೇತಿ ಪಡೆದ ದುಭಾಷಿ ಎಲ್ಲ ಕಡೆ ದೊರೆಯಲಾರರು. ವಿಡಿಯೊ ಕರೆಯ ಮೂಲಕ ಅವರ ನೆರವು ಪಡೆಯುವುದು ಈಗ ಕಷ್ಟವಲ್ಲ. ಉಳಿದಂತೆ ಮುಖ ನೋಡಿ ನಿಧಾನವಾಗಿ ಮಾತನಾಡುವುದು, ಮುಖ್ಯವಾದದ್ದನ್ನು ಬರೆದು ತೋರಿಸುವುದು ಯಾವ ವೈದ್ಯರಿಗೂ ಸಾಧ್ಯ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಿಂದ ನಡೆಸುತ್ತಿರುವ ಕಾರ್ಯದಿಂದಾಗಿ ಕನ್ನಡಿಗರಿಗೆ ಈ ಕ್ಷೇತ್ರ ಅಪರಿಚಿತವೇನಲ್ಲ.

ದೃಷ್ಟಿದೋಷವುಳ್ಳವರಿಗೆ ಎರಡು ಮಾತ್ರೆಪಟ್ಟಿಗಳು ಕೈಗೆ ಒಂದೇ ತೆರನಾಗಿ ತೋರುತ್ತವೆ. ಔಷಧ ಕೊಡುವವರು ಹೆಸರು ಹೇಳಿ ಕೈಗಿತ್ತು, ಒಂದಕ್ಕೆ ರಬ್ಬರ್ ಪಟ್ಟಿ ಸುತ್ತಿಕೊಟ್ಟರೂ ಸಾಕು. ಬೌದ್ಧಿಕ ವೈಕಲ್ಯ ಅಥವಾ ಸ್ವಲೀನತೆಯಿರುವ ಮಕ್ಕಳಿಗೆ ಗದ್ದಲದ ನಡುವೆ ಕಾಯುವುದೇ ಯಾತನೆ. ಅವರಿಗೆ ದಿನದ ಮೊದಲ ಸರದಿ ಕೊಡಲು ಹಣ ಬೇಕಿಲ್ಲ.

ಮೊಬೈಲ್ ಫೋನಿನಿಂದಲೇ ಸರದಿ ಗೊತ್ತುಪಡಿಸುವ ವ್ಯವಸ್ಥೆಗಳು ನಡೆಯಲಾಗದವರಿಗೆ ವರದಾನವಾಗಿವೆ. ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೆ ಹೊಂದದಿದ್ದರೆ ಕಣ್ಣು ಕಾಣಿಸದವರಿಗೆ ಅವೇ ಹೊಸ ಮೆಟ್ಟಿಲುಗಳು. ಕೋವಿಡ್ ಲಸಿಕೆಯ ಕಾಲದಲ್ಲಿ, 2021ರ ಮೇ 31ರ ಆದೇಶದಲ್ಲಿ ಸರ್ವೋಚ್ಚ ನ್ಯಾಯಾಲಯವು ಕೋವಿನ್ ಜಾಲತಾಣದಲ್ಲಿ ದೃಷ್ಟಿದೋಷವುಳ್ಳವರಿಗೆ ಎದುರಾಗುವ ಅಡಚಣೆಗಳನ್ನು ಎತ್ತಿ ತೋರಿಸಿತು. 2025ರ ಏಪ್ರಿಲ್‌ನಲ್ಲಿ ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಡಿಜಿಟಲ್ ಸೇವೆಗಳ ಪ್ರವೇಶವು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನ ಭಾಗವೆಂದು ಅದೇ ನ್ಯಾಯಾಲಯ ತೀರ್ಪಿತ್ತಿತು.

ವೈದ್ಯರ ಶಿಕ್ಷಣ

ದೆಹಲಿಯ ದಿಲ್ಶಾದ್ ಗಾರ್ಡನ್‌ನಲ್ಲಿರುವ ವಿಶ್ವವಿದ್ಯಾಲಯ ವೈದ್ಯವಿಜ್ಞಾನ ಕಾಲೇಜಿನ ಪ್ರಾಧ್ಯಾಪಕರಾದ ಡಾ. ಸತೇಂದ್ರ ಸಿಂಗ್ ಅವರು ಶೈಶವದಲ್ಲೇ ಪೋಲಿಯೊ ಪೀಡಿತರಾದವರು. ಮಾಹಿತಿ ಹಕ್ಕಿನ ಅರ್ಜಿಗಳ ಮೂಲಕ ಸಾರ್ವಜನಿಕ ಕಟ್ಟಡಗಳ ಸ್ಥಿತಿಗತಿಯನ್ನು ಕೇಳತೊಡಗಿದ ಅವರು, ವೈದ್ಯಕೀಯ ಕಾಲೇಜುಗಳೇ ವಿಕಲಚೇತನರಿಗೆ ಪ್ರವೇಶಯೋಗ್ಯವಾಗಿಲ್ಲವೆಂದು ಮುಖ್ಯ ಆಯುಕ್ತರ ನ್ಯಾಯಾಲಯದ ಮೊರೆ ಹೊಕ್ಕರು. ಆಗಿನ ಭಾರತೀಯ ವೈದ್ಯಕೀಯ ಪರಿಷತ್ತು ಕಾಲೇಜುಗಳಿಗೆ ಈ ಬಗ್ಗೆ ನಿರ್ದೇಶನ ನೀಡಿತು. ವೈದ್ಯ ವಿದ್ಯಾರ್ಥಿಗಳು ವೈಕಲ್ಯವನ್ನು ಕೇವಲ ರೋಗವಾಗಿ ಕಾಣದೆ ಹಕ್ಕಿನ ದೃಷ್ಟಿಯಿಂದ ಅರಿಯಬೇಕೆಂಬ ಅವರ ಹಾಗೂ ಅವರ ಸಹವೈದ್ಯರ ಒತ್ತಾಯದಿಂದ 2019ರ ಎಂ.ಬಿ.ಬಿ.ಎಸ್. ಪಠ್ಯಕ್ರಮದ ಆರಂಭಿಕ ಘಟ್ಟದಲ್ಲಿ ಈ ವಿಷಯ ಸೇರಿತು. ದೇಶಕ್ಕೆ 2014ರ ಮಾರ್ಚ್‌ನಲ್ಲಿ ಪೋಲಿಯೊ ಮುಕ್ತವೆಂಬ ಪ್ರಮಾಣಪತ್ರ ದೊರೆತಿದೆ. ರೋಗ ಹೋಯಿತು, ಅದರಿಂದ ಬಾಧಿತರಾದ ಲಕ್ಷಾಂತರ ಜನರು ಈಗ ನಡುವಯಸ್ಸು ದಾಟಿ, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳೊಡನೆ ಅದೇ ಆಸ್ಪತ್ರೆಗಳ ಮೆಟ್ಟಿಲ ಮುಂದೆ ಬಂದಿದ್ದಾರೆ.

ಕಾನೂನು ಏನು ಹೇಳುತ್ತದೆ

ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರ ಅಕ್ಟೋಬರ್ 1ರಂದು ಅನುಮೋದಿಸಿತು. ಅದಕ್ಕೆ ಅನುಗುಣವಾಗಿ ರೂಪುಗೊಂಡ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಹಳೆಯ ಕಾನೂನಿನ ಏಳು ಬಗೆಯ ವೈಕಲ್ಯಗಳ ಸ್ಥಾನದಲ್ಲಿ ಇದು 21 ಬಗೆಗಳನ್ನು ಗುರುತಿಸುತ್ತದೆ. ಇದರ 25ನೆಯ ಪ್ರಕರಣವನ್ನು ಪ್ರತಿಯೊಂದು ಕುಟುಂಬವೂ ತಿಳಿದಿರುವುದು ಒಳಿತು. ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳೆರಡರ ಎಲ್ಲ ಭಾಗಗಳಿಗೂ ಅಡೆತಡೆಯಿಲ್ಲದ ಪ್ರವೇಶ, ತಪಾಸಣೆ ಹಾಗೂ ಚಿಕಿತ್ಸೆಯಲ್ಲಿ ಆದ್ಯತೆ, ಮತ್ತು ಸರ್ಕಾರ ಗೊತ್ತುಪಡಿಸುವ ಆದಾಯಮಿತಿಗೊಳಪಟ್ಟು ಸಮೀಪದಲ್ಲೇ ಉಚಿತ ಆರೋಗ್ಯಸೇವೆ ದೊರೆಯುವಂತೆ ಕ್ರಮ ಕೈಗೊಳ್ಳುವುದು ಸರ್ಕಾರ ಹಾಗೂ ಸ್ಥಳೀಯ ಸಂಸ್ಥೆಗಳ ಕರ್ತವ್ಯವೆಂದು ಅದು ವಿಧಿಸುತ್ತದೆ. ಸರದಿಯಲ್ಲಿ ಮುಂದೆ ಹೋಗಲು ಕೇಳುವುದು ದಯೆಯ ಬೇಡಿಕೆಯಲ್ಲ. ಮಾನದಂಡಗಳನ್ನು ಪಾಲಿಸದ ಹೊಸ ಕಟ್ಟಡಕ್ಕೆ ನಕ್ಷೆಯ ಅನುಮತಿಯನ್ನಾಗಲಿ ಪೂರ್ಣತಾ ಪ್ರಮಾಣಪತ್ರವನ್ನಾಗಲಿ ನೀಡಕೂಡದೆಂದು 44ನೆಯ ಪ್ರಕರಣ ಹೇಳುತ್ತದೆ. ಇರುವ ಸಾರ್ವಜನಿಕ ಕಟ್ಟಡಗಳಿಗೆ ನಿಯಮಗಳ ಪ್ರಕಟಣೆಯಿಂದ ಐದು ವರ್ಷಗಳ ಗಡುವಿತ್ತು. ನಿಯಮಗಳು 2017ರ ಜೂನ್‌ನಲ್ಲಿ ಪ್ರಕಟವಾದವು. ಗಡುವು 2022ರಲ್ಲೇ ಮುಗಿದಿದೆ.

ಕೆಲಸ ಮುಗಿಯದಿರಲು ಒಂದು ಕಾರಣ ನಿಯಮಗಳಲ್ಲಿಯೇ ಇತ್ತು. ದೃಷ್ಟಿದೋಷವುಳ್ಳ ರಾಜೀವ್ ರತೂರಿ ಅವರು 2005ರಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2017ರ ಡಿಸೆಂಬರ್‌ನಲ್ಲಿ ಹಲವು ನಿರ್ದೇಶನಗಳನ್ನು ನೀಡಿತ್ತು. ಅವುಗಳ ಪಾಲನೆಯನ್ನು ಪರಿಶೀಲಿಸಿದ ನ್ಯಾಯಾಲಯ 2024ರ ನವೆಂಬರ್ 8ರಂದು ಇನ್ನೊಂದು ಮಹತ್ವದ ತೀರ್ಪು ನೀಡಿತು. ಅಧಿನಿಯಮವು ಕಡ್ಡಾಯವೆಂದು ಹೇಳಿದ್ದನ್ನು ನಿಯಮಗಳ 15(1)ನೆಯ ಉಪನಿಯಮವು ಕೇವಲ ಮಾರ್ಗಸೂಚಿಯ ಮಟ್ಟಕ್ಕಿಳಿಸಿದೆ, ಆದ್ದರಿಂದ ಅದು ಅಧಿನಿಯಮಕ್ಕೆ ವಿರುದ್ಧವೆಂದು ಸಾರಿ, ಕಡ್ಡಾಯ ಮಾನದಂಡಗಳನ್ನು ಮೂರು ತಿಂಗಳೊಳಗೆ ಪ್ರತ್ಯೇಕವಾಗಿ ರೂಪಿಸುವಂತೆ ಕೇಂದ್ರ ಸರ್ಕಾರಕ್ಕೆ ಆದೇಶಿಸಿತು. ‘ಮಾಡಬಹುದು’ ಮತ್ತು ‘ಮಾಡತಕ್ಕದ್ದು’ ಎಂಬ ಎರಡು ಕ್ರಿಯಾಪದಗಳ ನಡುವಿನ ಅಂತರ ಎಷ್ಟು ದೊಡ್ಡದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಸಿಗಲಾರದು.

ಪ್ರಮಾಣಪತ್ರ ಮತ್ತು ದೂರು

ವೈಕಲ್ಯದ ಪ್ರಮಾಣಪತ್ರ ಹಾಗೂ ವಿಶಿಷ್ಟ ಗುರುತಿನ ಚೀಟಿಗೆ ಸ್ವಾವಲಂಬನ್ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದು. 2024ರ ತಿದ್ದುಪಡಿ ನಿಯಮಗಳ ಪ್ರಕಾರ ವೈಕಲ್ಯವು ಶೇಕಡ 40ಕ್ಕಿಂತ ಕಡಿಮೆಯಿದ್ದರೆ ಬಿಳಿ, 40ರಿಂದ 80ರವರೆಗೆ ಹಳದಿ, 80 ಮತ್ತು ಅದಕ್ಕಿಂತ ಹೆಚ್ಚಿದ್ದರೆ ನೀಲಿ ಬಣ್ಣದ ಚೀಟಿ ದೊರೆಯುತ್ತದೆ. ಪ್ರಮಾಣಪತ್ರ ನೀಡುವ ಅವಧಿಯನ್ನು ಒಂದು ತಿಂಗಳಿಂದ ಮೂರು ತಿಂಗಳಿಗೆ ವಿಸ್ತರಿಸಲಾಗಿದೆ. ಈ ಪತ್ರಕ್ಕಾಗಿ ವೈದ್ಯಮಂಡಳಿಯ ಮುಂದೆ ಹಾಜರಾಗಬೇಕಾಗುತ್ತದೆ. ಅಂತಹ ಮಂಡಳಿ ಮೇಲಿನ ಮಹಡಿಯಲ್ಲಿ ಕುಳಿತುಕೊಳ್ಳುವುದಾದರೆ, ಲಿಫ್ಟ್ ಕೆಟ್ಟಿರುವ ದಿನ ಕೆಳಗಿಳಿದು ಬಂದು ನೋಡುವ ಏರ್ಪಾಡು ಆಸ್ಪತ್ರೆಯಲ್ಲಿರಬೇಕು.

ಸರ್ಕಾರಿ ಆಸ್ಪತ್ರೆಯಲ್ಲಿ ತೊಂದರೆಯಾದರೆ, ಅಧಿನಿಯಮದ 23ನೆಯ ಪ್ರಕರಣದಂತೆ ಆ ಸಂಸ್ಥೆ ನೇಮಿಸಿರಬೇಕಾದ ಕುಂದುಕೊರತೆ ನಿವಾರಣಾಧಿಕಾರಿಗೆ ಮೊದಲು ಲಿಖಿತ ದೂರು ಕೊಡಬಹುದು. ಈ ಪ್ರಕರಣವು ಮುಖ್ಯವಾಗಿ ಉದ್ಯೋಗದ ದೂರುಗಳಿಗಾಗಿ ಇರುವುದಾದರೂ ದೂರು ಸ್ವೀಕರಿಸಿದ ದಾಖಲೆ ಮುಂದೆ ಉಪಯೋಗಕ್ಕೆ ಬರುತ್ತದೆ. ಪರಿಹಾರ ದೊರೆಯದಿದ್ದರೆ ರಾಜ್ಯ ಆಯುಕ್ತರಿಗೆ ಬರೆಯಬೇಕು. ಕೇಂದ್ರ ಸರ್ಕಾರದ ಸಂಸ್ಥೆಯಾದರೆ ದೆಹಲಿಯಲ್ಲಿರುವ ಮುಖ್ಯ ಆಯುಕ್ತರಿಗೆ. ವಿಚಾರಣೆಗೆ ಕರೆಸುವಲ್ಲಿ, ದಾಖಲೆ ತರಿಸಿಕೊಳ್ಳುವಲ್ಲಿ ಇವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅಧಿನಿಯಮವನ್ನು ಉಲ್ಲಂಘಿಸಿದವರಿಗೆ ಮೊದಲ ಬಾರಿ 10,000 ರೂಪಾಯಿಗಳವರೆಗೆ, ಪುನಃ ಉಲ್ಲಂಘಿಸಿದರೆ 50,000ದಿಂದ 5 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು 89ನೆಯ ಪ್ರಕರಣದಲ್ಲಿ ಅವಕಾಶವಿದೆ. ದೂರಿನೊಡನೆ ಮೆಟ್ಟಿಲುಗಳ ಸಂಖ್ಯೆ, ಇಳಿಜಾರಿನ ಉದ್ದ ಹಾಗೂ ಎತ್ತರ, ಬಾಗಿಲಿನ ಅಗಲ ಇವುಗಳನ್ನು ಅಳತೆಪಟ್ಟಿಯಿಂದ ಅಳೆದು ಬರೆದು, ದಿನಾಂಕ ನಮೂದಿಸಿದ ಛಾಯಾಚಿತ್ರವನ್ನು ಲಗತ್ತಿಸಿದರೆ ವಿಚಾರಣೆ ಸುಲಭವಾಗುತ್ತದೆ. ರಾಷ್ಟ್ರೀಯ ರಾಜಧಾನಿ ವಲಯದ ನಿವಾಸಿಗಳು ಇನ್ನೊಂದು ಅಂಶವನ್ನು ಗಮನದಲ್ಲಿಡಬೇಕು. ಆಡುಮಾತಿನಲ್ಲಿ ಎಲ್ಲವೂ ದೆಹಲಿಯೇ ಆದರೂ, ಗುರುಗ್ರಾಮ ಮತ್ತು ಫರೀದಾಬಾದ್‌ನ ರಾಜ್ಯ ಸರ್ಕಾರದ ಹಾಗೂ ಖಾಸಗಿ ಆಸ್ಪತ್ರೆಗಳ ಬಗೆಗಿನ ದೂರು ಹರಿಯಾಣದ ಆಯುಕ್ತರಿಗೆ, ನೋಯ್ಡಾ ಮತ್ತು ಗಾಜಿಯಾಬಾದ್‌ನವು ಉತ್ತರ ಪ್ರದೇಶದ ಆಯುಕ್ತರಿಗೆ ಸಲ್ಲತಕ್ಕದ್ದು.